ಕುದುರೆಗೆ ದಿನಕ್ಕೆ ಎಷ್ಟು ಕಾಳು ಹಾಕಬೇಕು?

ಕುದುರೆಯ ವಿಷಯ ಬಂದರೆ ಸಾಕು, ಎಲ್ಲರೂ ನನ್ನನ್ನು ಇದನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುವುದೂ ಒಂದೇ: ಹುಲ್ಲು ಎಷ್ಟು ಹಾಕುತ್ತಿದ್ದೀರಿ? ಅದು ಸರಿಯಾಗಿದ್ದರೆ, ಸುಮ್ನೆ ಓಡಾಡಿಕೊಂಡು ವಾರಕ್ಕೆ ಒಂದೆರಡು ಸಲ ಹಗುರಾಗಿ ಸವಾರಿ ಮಾಡಿಸಿಕೊಳ್ಳುವ ಎಷ್ಟೋ ಕುದುರೆಗಳಿಗೆ ಕಾಳೇ ಬೇಕಾಗಿಲ್ಲ. ಅವಕ್ಕೆ ಹುಲ್ಲು, ನೀರು, ಉಪ್ಪು, ಜೊತೆಗೆ ಸ್ವಲ್ಪ ಖನಿಜ ಮಿಶ್ರಣ ಸಾಕು.

ಇದನ್ನು ಹೇಳಿದರೆ ಜನ ಒಪ್ಪುವುದಿಲ್ಲ. ಕಾಳು ತಿಂದರೇನೇ ಶಕ್ತಿ ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಆದರೆ ಕುದುರೆಯ ಹೊಟ್ಟೆ ಹೇಗಿದೆ ನೋಡಿ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಇರುವುದು ಸುಮಾರು 8ರಿಂದ 15 ಲೀಟರ್ ಮಾತ್ರ. ಅದರಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಆ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಒಂದು ಕೆಜಿ ಒಣಹುಲ್ಲು ಅಗಿಯಲು ಕುದುರೆಗೆ ಮುಕ್ಕಾಲು ಗಂಟೆಯಷ್ಟು ಬೇಕು, ಅದೇ ಒಂದು ಕೆಜಿ ಓಟ್ಸ್ ಹತ್ತು ನಿಮಿಷದಲ್ಲಿ ಖಾಲಿ. ಬೆಳಿಗ್ಗೆ ಒಂದು ಬಕೆಟ್ ಕಾಳು, ಸಂಜೆ ಒಂದು ಬಕೆಟ್ ಕಾಳು, ನಡುವೆ ಏನೂ ಇಲ್ಲದ ಲಾಯ ಅಂದರೆ ಹೊಟ್ಟೆ ಹುಣ್ಣಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಇನ್ನೂ ದೊಡ್ಡ ತೊಂದರೆ ಮುಂದಿದೆ. ಕಾಳಿನಲ್ಲಿರುವ ಪಿಷ್ಟ ಸಣ್ಣ ಕರುಳಲ್ಲೇ ಜೀರ್ಣವಾಗಬೇಕು. ಒಂದೇ ಸಲಕ್ಕೆ ಜಾಸ್ತಿ ಸುರಿದರೆ ಅದು ಅರೆಬರೆ ಜೀರ್ಣವಾಗಿ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿರುವುದು ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು. ಪಿಷ್ಟ ಸಿಕ್ಕಿದ ಕೂಡಲೇ ಬೇರೆ ಜಾತಿಯವು ಹೆಚ್ಚುತ್ತವೆ, ಆಮ್ಲ ಏರುತ್ತದೆ, ಒಳ್ಳೆಯವು ಸಾಯುತ್ತವೆ, ವಿಷ ರಕ್ತಕ್ಕೆ ಇಳಿಯುತ್ತದೆ. ಆಗ ಹೊಟ್ಟೆಶೂಲೆ ಬರಬಹುದು, ಗೊರಸಿನೊಳಗಿನ ಪದರ ಬಾತು ಕುದುರೆ ಹೆಜ್ಜೆಯಿಡಲಾರದೆ ನಿಲ್ಲುವ ಲ್ಯಾಮಿನೈಟಿಸ್ ಕೂಡ ಬರಬಹುದು. ತಿಂದದ್ದನ್ನು ವಾಂತಿ ಮಾಡಿ ಹೊರಹಾಕೋಣ ಅಂದರೆ ಕುದುರೆಗೆ ವಾಂತಿ ಮಾಡುವುದೇ ಆಗುವುದಿಲ್ಲ. ಅದಕ್ಕೇ ಕಾಳಿನ ಕೋಣೆಗೆ ಗಟ್ಟಿ ಚಿಲಕ ಇರಲೇಬೇಕು ಅಂತ ನಾನು ಹಟ ಹಿಡಿಯುವುದು.

ಸರಿ, ಲೆಕ್ಕ ಹೇಗೆ? ಮೊದಲು ತೂಕ ತಿಳಿಯಬೇಕು. ತಕ್ಕಡಿ ಬೇಡ, ಟೇಪ್ ಇದ್ದರೆ ಸಾಕು. ಮೊಣಕೈ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ, ಎರಡೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಇದ್ದರೆ ಸುಮಾರು 450 ಕೆಜಿ. ಅದರ ನೂರಕ್ಕೆ ಎರಡು ಪಾಲು, ಅಂದರೆ ದಿನಕ್ಕೆ 9 ಕೆಜಿಯಷ್ಟು ಒಣಹುಲ್ಲು ಹಾಕಿ. ಬೊಜ್ಜು ಇಳಿಸಬೇಕಿದ್ದರೂ ವೈದ್ಯರನ್ನು ಕೇಳದೆ ಒಂದೂವರೆ ಪಾಲಿಗಿಂತ ಕೆಳಗೆ ಇಳಿಸಬೇಡಿ.

ಇದಾದ ಮೇಲೂ ಗಟ್ಟಿ ಕೆಲಸ ಮಾಡುವ ಕುದುರೆ ಸೊರಗುತ್ತಿದ್ದರೆ, ಅಥವಾ ಹೆಣ್ಣು ಕುದುರೆ ಹಾಲು ಕುಡಿಸುತ್ತಿದ್ದರೆ, ಆಗ ಕಾಳು. ಒಂದು ಹೊತ್ತಿಗೆ 1 ಕೆಜಿ ಆಸುಪಾಸು ಇರಲಿ, 2 ಕೆಜಿ ದಾಟಲೇಬಾರದು. ಜಾಸ್ತಿ ಬೇಕಿದ್ದರೆ ಮೂರು ನಾಲ್ಕು ಹೊತ್ತಿಗೆ ಹಂಚಿ, ಹುಲ್ಲು ತಿಂದ ಮೇಲೆ ಕೊಡಿ. ಯಾವ ಮೇವು ಬದಲಿಸಿದರೂ ಹತ್ತು ದಿನ ಹಿಡಿದು ನಿಧಾನವಾಗಿ ಬದಲಿಸಿ. ಸವಾರಿಗೆ ಮುಂಚೆ ಎರಡು ಹಿಡಿ ಹುಲ್ಲು ಒಳ್ಳೆಯದೇ, ಓಡುವಾಗ ಆಮ್ಲ ಜಠರದ ಮೇಲ್ಭಾಗಕ್ಕೆ ಚಿಮ್ಮುವುದನ್ನು ಅದು ತಡೆಯುತ್ತದೆ. ಕಾಳು ತಿಂದಿದ್ದರೆ ಮಾತ್ರ ಒಂದೆರಡು ಗಂಟೆ ಕಾಯಬೇಕು.

ಸಣ್ಣಗಾಗಿದೆ ಅಂತ ಕಾಳು ಏರಿಸುವ ಮುಂಚೆ ಬಾಯಿ ನೋಡಿಸಿ. ಕುದುರೆಯ ಹಲ್ಲು ಸವೆಯುತ್ತಾ ಮೇಲೆ ಬರುತ್ತಲೇ ಇರುತ್ತದೆ, ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆ ನೆಲದ ಮೇಲೆ ಬಿದ್ದಿದ್ದರೆ ಅದು ಹಲ್ಲಿನ ದೂರು. ಲದ್ದಿಯಲ್ಲಿ ಹುಳುವಿನ ಮೊಟ್ಟೆ ಇದೆಯೇ ಅಂತಲೂ ಪರೀಕ್ಷೆ ಮಾಡಿಸಿ. ಮೈಕಟ್ಟು ಅಳೆಯಲು 1983ರಲ್ಲಿ ಅಮೆರಿಕದ ಸಂಶೋಧಕ ಡಾನ್ ಹೆನೆಕೆ ಮತ್ತು ಸಂಗಡಿಗರು ಪ್ರಕಟಿಸಿದ 1ರಿಂದ (ತೀರಾ ಸೊರಗಿದ್ದು) 9ರ (ವಿಪರೀತ ಬೊಜ್ಜು) ಅಳತೆ ಇವತ್ತಿಗೂ ಚೆನ್ನಾಗಿದೆ. 5 ಅಂದರೆ ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸುಲಭವಾಗಿ ಸಿಗಬೇಕು.

ನೀರು ದಿನಕ್ಕೆ 25ರಿಂದ 50 ಲೀಟರ್, ಸೆಕೆಯಲ್ಲಿ, ಬೆವರಿದಾಗ ಇನ್ನೂ ಜಾಸ್ತಿ. ಒಣಹುಲ್ಲು ತಿಂದು ನೀರು ಕಡಿಮೆ ಕುಡಿದರೂ ಕರುಳು ಕಟ್ಟಿಕೊಳ್ಳುತ್ತದೆ. ಕುದುರೆ ನೆಲ ಕೆರೆಯುತ್ತಾ, ಪಕ್ಕೆ ತಿರುಗಿ ತಿರುಗಿ ನೋಡುತ್ತಾ, ಹೊರಳುತ್ತಾ, ಲದ್ದಿ ಹಾಕದೆ ಇದ್ದರೆ ಮೇವು ತೆಗೆದುಬಿಡಿ, ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಸುಮ್ಮನಿರುವಾಗ ನಾಡಿ ನಿಮಿಷಕ್ಕೆ 28ರಿಂದ 44 ಇರುತ್ತದೆ. 60 ದಾಟಿದ್ದರೆ ಅದನ್ನೇ ಮೊದಲು ಹೇಳಿ. ಅವರು ಹೇಳದೆ ನೋವಿನ ಔಷಧಿ ಕೊಡಬೇಡಿ, ಎಷ್ಟು ನೋವಿದೆ ಅನ್ನುವುದೇ ಅವರಿಗೆ ತಿಳಿಯದೆ ಹೋಗುತ್ತದೆ.