ಬರೀ ಮಾತಾಡಿದ್ದಕ್ಕೆ ಯಾರಾದರೂ ಜೈಲಿಗೆ ಹಾಕ್ತಾರಾ?

ರಾಜಕೀಯ ಕೈದಿಗಳ ಬಗ್ಗೆ ನಾನು ಏನೇ ಬರೆದರೂ ಮಾತು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯಲ್ಲೇ: "ಬರೀ ಮಾತಾಡಿದ್ದಕ್ಕೆ ಯಾರಾದ್ರೂ ಜೈಲಿಗೆ ಹಾಕ್ತಾರಾ? ಏನೋ ಮಾಡಿರಲೇಬೇಕು. ಬೆಂಕಿಯಿಲ್ಲದೆ ಹೊಗೆಯಾಡುತ್ತಾ?" ಕೇಳುವವರು ಕೊಂಕು ತೆಗೆಯಲು ಕೇಳುವುದು ಕಡಿಮೆ. ಕೋರ್ಟಿದೆ, ವಕೀಲರಿದ್ದಾರೆ, ತೀರ್ಪೂ ಬಂದಿದೆ ಅಂದಮೇಲೆ ಏನಾದರೂ ಇದ್ದೇ ಇರುತ್ತದೆ ಅಂದುಕೊಳ್ಳುವುದು ಸಹಜವೇ.

ಹಾಕುತ್ತಾರೆ. ಕೆಲವು ಸಲ ಮುಚ್ಚುಮರೆಯೂ ಇಲ್ಲದೆ ಹಾಕುತ್ತಾರೆ. 1922ರಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆಯಾದದ್ದು ಪತ್ರಿಕೆಯಲ್ಲಿ ಬರೆದ ಮೂರು ಲೇಖನಗಳಿಗೆ. ಸರ್ಕಾರದ ಮೇಲೆ ಜನರಲ್ಲಿ ಅಪ್ರೀತಿ ಹುಟ್ಟಿಸಿದರು ಎಂಬುದು ಆರೋಪ. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಆಗುವುದಿಲ್ಲ ಎಂದು ಅವರು ಕಟಕಟೆಯಲ್ಲೇ ಹೇಳಿದರು, ಹೇಳಿ ತಪ್ಪನ್ನೂ ಒಪ್ಪಿಕೊಂಡರು. ಚೀನಾದ ಲಿಯು ಶಿಯಾಬೋ ಅವರಿಗೆ 2009ರ ಡಿಸೆಂಬರ್ 25ರಂದು 11 ವರ್ಷ ವಿಧಿಸಿದಾಗ ನ್ಯಾಯಾಲಯ ಮುಂದಿಟ್ಟುಕೊಂಡದ್ದು ಅವರ ಆರು ಲೇಖನಗಳನ್ನು ಮತ್ತು ರಾಜಕೀಯ ಸುಧಾರಣೆ ಕೇಳಿದ 'ಚಾರ್ಟರ್ 08' ಎಂಬ ಮನವಿಯನ್ನು. ಅಂತರ್ಜಾಲದಲ್ಲಿ ಆ ಬರಹಗಳನ್ನು ಎಷ್ಟು ಸಲ ತೆರೆದು ನೋಡಲಾಗಿದೆ ಎಂಬ ಲೆಕ್ಕವೂ ಸಾಕ್ಷ್ಯದಲ್ಲಿತ್ತು. ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ವೇದಿಕೆಯಲ್ಲಿ ಅವರ ಕುರ್ಚಿ ಖಾಲಿ. 2017ರಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಳ್ಳುವಾಗಲೂ ಅವರು ಕಾವಲಿನಲ್ಲೇ ಇದ್ದರು.

ಆದರೆ ಬರೆದದ್ದೇ ಅಪರಾಧ ಎಂದು ತೀರ್ಪಿನಲ್ಲಿ ಹೇಳಿದರೆ ಅದನ್ನು ಜಗತ್ತೆಲ್ಲ ಓದುತ್ತದೆ. ತೆರಿಗೆ ವಂಚನೆ, ಕಳ್ಳಸಾಗಣೆ ಎಂದರೆ ಅಷ್ಟು ಗಲಾಟೆಯಿಲ್ಲ. ಕೇಳಿದವರಿಗೆ ನಾನು ಸಾಮಾನ್ಯವಾಗಿ ಬೆಲಾರೂಸಿನ ಅಲೆಸ್ ಬಿಯಾಲಿಯಾಟ್ಸ್ಕಿ ಅವರ ಕತೆಯನ್ನೇ ಹೇಳುವುದು ಇದಕ್ಕಾಗಿ.

ಅವರು ಕಟ್ಟಿದ ಸಂಸ್ಥೆ 'ವಿಯಾಸ್ನಾ'. ಬಂಧಿತರ ಪಟ್ಟಿ ಇಡುವುದು, ಅವರ ಮನೆಯವರಿಗೆ, ವಕೀಲರ ಖರ್ಚಿಗೆ ನೆರವಾಗುವುದು ಅದರ ಕೆಲಸ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದರ ನೋಂದಣಿ ರದ್ದು ಮಾಡಿತು. ನೋಂದಣಿ ಇಲ್ಲದ ಸಂಸ್ಥೆ ಬ್ಯಾಂಕ್ ಖಾತೆ ತೆರೆಯುವಂತಿಲ್ಲ. ಹಾಗಾಗಿ ದೇಣಿಗೆ ಹಣ ಲಿಥುವೇನಿಯಾ ಮತ್ತು ಪೋಲೆಂಡಿನಲ್ಲಿ ಬಿಯಾಲಿಯಾಟ್ಸ್ಕಿ ಅವರ ಸ್ವಂತ ಹೆಸರಿನ ಖಾತೆಗಳಿಗೆ ಬರತೊಡಗಿತು. ಬೆಲಾರೂಸ್ ಸರ್ಕಾರ ಆ ಎರಡೂ ದೇಶಗಳಿಂದ ಖಾತೆ ವಿವರ ಕೇಳಿತು. ದೇಶದೇಶಗಳ ನಡುವಿನ ಮಾಮೂಲಿ ಕಾನೂನು ಪತ್ರವ್ಯವಹಾರ ಎಂದುಕೊಂಡು ಅವು ಕೊಟ್ಟುಬಿಟ್ಟವು, ಆಮೇಲೆ ಕ್ಷಮೆ ಕೇಳಿದವು. ಖಾತೆಯಲ್ಲಿದ್ದದ್ದೆಲ್ಲ ಸ್ವಂತ ಆದಾಯ, ಅದಕ್ಕೆ ತೆರಿಗೆ ಕಟ್ಟಿಲ್ಲ ಎಂದು 2011ರಲ್ಲಿ ನಾಲ್ಕೂವರೆ ವರ್ಷ ಶಿಕ್ಷೆಯಾಯಿತು. 2014ರಲ್ಲಿ ಬಿಡುಗಡೆ, 2021ರಲ್ಲಿ ಮತ್ತೆ ಬಂಧನ. ಜೈಲಿನಲ್ಲಿದ್ದಾಗಲೇ 2022ರ ನೊಬೆಲ್. 2023ರಲ್ಲಿ ಮತ್ತೆ ಹತ್ತು ವರ್ಷ, ಈ ಸಲ ನಗದು ಕಳ್ಳಸಾಗಣೆ ಎಂಬ ಹೆಸರಿನಲ್ಲಿ.

ಗಮನಿಸಿ, ಖಾತೆಗಳು ಇದ್ದದ್ದು ಸುಳ್ಳಲ್ಲ. ಹಣ ಬಂದದ್ದೂ ಸುಳ್ಳಲ್ಲ. ದಾಖಲೆ ತೋರಿಸಿ ಎಂದರೆ ಸರ್ಕಾರಿ ವಕೀಲರು ಕಟ್ಟುಗಟ್ಟಲೆ ತೋರಿಸಬಲ್ಲರು. "ಏನೋ ಮಾಡಿರಲೇಬೇಕು" ಅನ್ನುವವರಿಗೆ ಆ 'ಏನೋ' ಸಿಕ್ಕೇ ಸಿಗುತ್ತದೆ. ಅಂಥ ಖಾತೆ ತೆರೆಯದೆ ಬೇರೆ ದಾರಿಯಿಲ್ಲದಂತೆ ಮಾಡಿದ್ದು ಯಾರು ಎಂಬುದು ಮಾತ್ರ ಆ ಕಡತದಲ್ಲಿ ಇರುವುದಿಲ್ಲ.

ರಷ್ಯಾದ ವಿರೋಧಪಕ್ಷದ ನಾಯಕ ಅಲೆಕ್ಸಿ ನವಾಲ್ನಿ ಅವರದು ಇನ್ನೂ ವಿಚಿತ್ರ. 2014ರ ಒಂದು ವಂಚನೆ ಪ್ರಕರಣದಲ್ಲಿ ಅವರಿಗಾದ ಜೈಲು ಶಿಕ್ಷೆಯನ್ನು ಅಮಾನತಿನಲ್ಲಿ ಇಡಲಾಗಿತ್ತು. ಆ ತೀರ್ಪೇ ಮನಸ್ಸಿಗೆ ಬಂದಂತೆ ಕೊಟ್ಟದ್ದು ಎಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2017ರಲ್ಲಿ ಹೇಳಿತ್ತು. 2020ರ ಆಗಸ್ಟಿನಲ್ಲಿ ಅವರಿಗೆ ವಿಷಪ್ರಾಶನವಾಗಿ, ಪ್ರಜ್ಞೆಯಿಲ್ಲದ ಸ್ಥಿತಿಯಲ್ಲೇ ಬರ್ಲಿನ್ನಿಗೆ ಒಯ್ದರು. ಚೇತರಿಸಿಕೊಂಡು 2021ರ ಜನವರಿಯಲ್ಲಿ ಮಾಸ್ಕೋಗೆ ಬಂದಿಳಿದ ಕೂಡಲೇ ಬಂಧನ. ನಿಯಮದಂತೆ ಅಧಿಕಾರಿಗಳ ಮುಂದೆ ಹಾಜರಾಗಲಿಲ್ಲ ಎಂಬುದು ಕಾರಣ! ಅಮಾನತಿನಲ್ಲಿದ್ದ ಶಿಕ್ಷೆ ನಿಜವಾದ ಜೈಲಾಯಿತು. 2022ರಲ್ಲಿ ಒಂಬತ್ತು ವರ್ಷ, 2023ರಲ್ಲಿ 19 ವರ್ಷ ಎಂದು ಬೆಳೆಯಿತು. 2024ರ ಫೆಬ್ರುವರಿ 16ರಂದು ಆರ್ಕ್‌ಟಿಕ್ ಪ್ರದೇಶದ ಬಂದೀಖಾನೆಯಲ್ಲಿ ಅವರು ಸತ್ತರು.

ಹಾಗಾದರೆ ಯಾವುದು ನಿಜವಾದ ಕೇಸು, ಯಾವುದು ನೆಪ ಎಂದು ಹೊರಗಿನವರಿಗೆ ಗೊತ್ತಾಗುವುದು ಹೇಗೆ? ನಾನು ಕೇಳಿಕೊಳ್ಳುವುದು ಇಷ್ಟೇ: ಇದೇ ಕೆಲಸ ಮಾಡಿ, ಬಾಯಿ ಮಾತ್ರ ಮುಚ್ಚಿಕೊಂಡಿದ್ದವರ ಮೇಲೆ ಈ ಕೇಸು ಬೀಳುತ್ತಿತ್ತೇ? ಇನ್ನೊಂದು ಸುಳಿವು ಬಿಡುಗಡೆಯ ಹೊತ್ತಿನಲ್ಲಿ ಸಿಗುತ್ತದೆ. ಉಕ್ರೇನ್ ಯುದ್ಧವನ್ನು ಖಂಡಿಸಿದ ವ್ಲಾದಿಮಿರ್ ಕಾರಾ-ಮುರ್ಜಾ ಅವರಿಗೆ ದೇಶದ್ರೋಹವೂ ಸೇರಿ 25 ವರ್ಷ ವಿಧಿಸಿದ್ದ ರಷ್ಯಾ, 2024ರ ಆಗಸ್ಟ್ 1ರಂದು ಕೈದಿಗಳ ವಿನಿಮಯದಲ್ಲಿ ಅವರನ್ನು ವಿಮಾನ ಹತ್ತಿಸಿತು. ಬಿಯಾಲಿಯಾಟ್ಸ್ಕಿ 2025ರ ಡಿಸೆಂಬರಿನಲ್ಲಿ ಹೊರಬಂದದ್ದು ಬೆಲಾರೂಸಿನ ಪೊಟ್ಯಾಷ್ ಗೊಬ್ಬರದ ಮೇಲಿದ್ದ ನಿರ್ಬಂಧವನ್ನು ಅಮೆರಿಕ ಸಡಿಲಿಸಿದಾಗ. ನಗದು ಕಳ್ಳಸಾಗಣೆ ಮಾಡಿದ ಮಾಮೂಲಿ ಅಪರಾಧಿಯನ್ನು ಗೊಬ್ಬರದ ವ್ಯಾಪಾರಕ್ಕೆ ಬದಲಾಗಿ ಯಾರು ಕೇಳುತ್ತಾರೆ?

ಶಿಕ್ಷೆಗೆ ತೀರ್ಪು ಬೇಕೆಂದೂ ಇಲ್ಲ. ಜಾಮೀನು ಸಿಗುವುದೇ ಕಷ್ಟವಾದ ಕಾನೂನಿನಡಿ ಹಿಡಿದಿಟ್ಟರೆ ಸಾಕು. ನಮ್ಮಲ್ಲೇ, ಆದಿವಾಸಿಗಳ ಹಕ್ಕಿಗಾಗಿ ದುಡಿದ ಪಾದ್ರಿ, 83 ವರ್ಷದ, ಪಾರ್ಕಿನ್ಸನ್ ಕಾಯಿಲೆಯ ಸ್ಟ್ಯಾನ್ ಸ್ವಾಮಿ ಅವರನ್ನು 2020ರ ಅಕ್ಟೋಬರಿನಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಬಂಧಿಸಿದರು. ಮಾವೋವಾದಿಗಳ ನಂಟಿನ ಆರೋಪವನ್ನು ಅವರು ಅಲ್ಲಗಳೆದರು. ನಡುಗುವ ಕೈಯಲ್ಲಿ ಲೋಟ ಹಿಡಿಯಲಾಗದೆ, ನೀರು ಕುಡಿಯಲು ಒಂದು ಸ್ಟ್ರಾ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ತೀರಿಕೊಂಡಾಗ ವಿಚಾರಣೆ ಶುರುವೇ ಆಗಿರಲಿಲ್ಲ. ಆರೋಪ ನಿಜವೋ ಸುಳ್ಳೋ, ಸಾಬೀತಾಗುವ ಅವಕಾಶವೇ ಬರಲಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ಕೇಳಿದವರು ಇನ್ನೊಂದು ಪ್ರಶ್ನೆ ತೆಗೆಯುತ್ತಾರೆ: "ಹಾಗಂತ ಏನು ಬೇಕಾದ್ರೂ ಮಾತಾಡಬಹುದಾ?" ಇಲ್ಲ. ಎದುರಿಗೆ ನಿಂತ ಗುಂಪಿಗೆ ಆ ಮನೆ ಸುಡಿ ಅನ್ನುವುದನ್ನು ನಾನು ಅಭಿಪ್ರಾಯ ಅನ್ನುವುದಿಲ್ಲ. ಈ ಗೆರೆ ಎಲ್ಲಿ ಎಳೆಯಬೇಕೆಂದು ಪ್ರಜಾಪ್ರಭುತ್ವಗಳೂ ತಿಣುಕಾಡಿವೆ. ಮೊದಲ ಮಹಾಯುದ್ಧವನ್ನು ವಿರೋಧಿಸಿ 1918ರಲ್ಲಿ ಮಾಡಿದ ಒಂದು ಭಾಷಣಕ್ಕೆ ಅಮೆರಿಕ ತನ್ನ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅವರಿಗೆ ಹತ್ತು ವರ್ಷ ಕೊಟ್ಟಿತು. 1920ರ ಅಧ್ಯಕ್ಷೀಯ ಚುನಾವಣೆಗೆ ಅವರು ಜೈಲಿನಿಂದಲೇ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು. ತಕ್ಷಣವೇ ಕಾನೂನುಬಾಹಿರ ಕೃತ್ಯ ನಡೆಸುವಂತೆ ಪ್ರಚೋದಿಸುವ, ಹಾಗೆ ನಡೆಯುವ ಸಂಭವವೂ ಇರುವ ಮಾತನ್ನು ಮಾತ್ರ ಶಿಕ್ಷಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1969ರಲ್ಲಿ. ನಾನು ಒಪ್ಪುವುದು ಹೆಚ್ಚುಕಡಿಮೆ ಆ ಗೆರೆಯನ್ನೇ.

ಗೆರೆಯ ಆಚೆ ನಿಂತವರ ಪ್ರಶ್ನೆ ಸುಲಭದ್ದಲ್ಲ. ನೆಲ್ಸನ್ ಮಂಡೇಲಾ ಸಶಸ್ತ್ರ ಹೋರಾಟವನ್ನು ಒಪ್ಪಿಕೊಂಡಿದ್ದರಿಂದ ಮಾನವ ಹಕ್ಕುಗಳ ಆಮ್ನೆಸ್ಟಿ ಸಂಸ್ಥೆ 1964ರಲ್ಲಿ ಅವರನ್ನು 'ಆತ್ಮಸಾಕ್ಷಿಯ ಕೈದಿ' ಎಂದು ಕರೆಯಲು ಒಪ್ಪಲಿಲ್ಲ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆ ಹೆಸರು ಹಿಂಸೆಯಿಲ್ಲದೆ ಮಾತಿಗಾಗಿಯೇ ಒಳಗೆ ಹೋದವರದು. ವರ್ಣಭೇದದ ಸರ್ಕಾರ ಅನ್ಯಾಯದ್ದು ಎನ್ನಲು, ಮಂಡೇಲಾ ಪರ ನಿಲ್ಲಲು ಆ ಹೆಸರೇ ಬೇಕಿರಲಿಲ್ಲ.

ಅದೇ ಸಂಸ್ಥೆ 2021ರ ಫೆಬ್ರುವರಿಯಲ್ಲಿ, ನವಾಲ್ನಿ ಹಿಂದೆ ವಲಸಿಗರ ಬಗ್ಗೆ ಆಡಿದ್ದ ಕೆಟ್ಟ ಮಾತುಗಳನ್ನು ನೋಡಿ ಅವರಿಂದಲೂ ಆ ಹೆಸರು ಹಿಂತೆಗೆದುಕೊಂಡಿತು. ಇದನ್ನು ಮಾತ್ರ ನಾನು ಒಪ್ಪಲಾರೆ. ಆ ಮಾತುಗಳು ಹೊಲಸು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅವರು ಒಳಗಿದ್ದದ್ದು ಅವುಗಳಿಗಾಗಿ ಅಲ್ಲ. ಮೇ ತಿಂಗಳಲ್ಲಿ ಸಂಸ್ಥೆ ತನ್ನ ನಿರ್ಧಾರ ಬದಲಿಸಿ ಕ್ಷಮೆ ಕೇಳಿತು. ಅಷ್ಟರಲ್ಲಿ ನವಾಲ್ನಿ ತಮಗೆ ಸರಿಯಾದ ವೈದ್ಯರನ್ನು ತೋರಿಸಿ ಎಂದು ಜೈಲಿನಲ್ಲಿ ಮೂರು ವಾರ ಉಪವಾಸ ಕೂತು ಮುಗಿಸಿದ್ದರು.