ಎಳೆ ಎಲ್ಲಿಂದ ಹೊರಗೆ ಬರುತ್ತದೆ?

ಕಾಂಪೋಸಿಟ್ ಭಾಗಗಳ (ಕಾರ್ಬನ್ ಎಳೆಯ ಪದರಗಳನ್ನು ರೆಸಿನ್ ಎಂಬ ಅಂಟಿನಿಂದ ಬೆಸೆದವು) ಒಳಗೆ ಆಪ್ಟಿಕಲ್ ಫೈಬರ್ ಸೆನ್ಸರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯ ಸೆನ್ಸರ್, ಇಡುವ ಕೆಲಸಕ್ಕೆ ಹೊಸದಾಗಿ ಬಂದವರ ತಲೆಯಲ್ಲಿ ಸೆನ್ಸರ್ ಬಿಟ್ಟು ಬೇರೇನೂ ಇರುವುದಿಲ್ಲ. ಗ್ರೇಟಿಂಗ್ (ಎಳೆಯಲ್ಲಿ ಒಂದು ತರಂಗಾಂತರದ ಬೆಳಕನ್ನು ಮಾತ್ರ ಹಿಂತಿರುಗಿಸುವ ತುಣುಕು, ಸೆನ್ಸರ್ ಎಂದರೆ ಅದೇ) ಎಷ್ಟು ಉದ್ದ, ತರಂಗಾಂತರ ಯಾವುದು, ಇಂಟರಾಗೇಟರ್ (ಆ ಬೆಳಕನ್ನು ಓದುವ ಯಂತ್ರ) ಎಷ್ಟು ಚುರುಕು. ನಾನು ಮೊದಲು ಕೇಳುವುದು ಬೇರೆ: ಎಳೆ ಎಲ್ಲಿಂದ ಹೊರಗೆ ಬರುತ್ತದೆ?

ಒಳಗೆ ಸೇರಿದ ಗಾಜಿನ ಎಳೆಗೆ ಅಷ್ಟೇನೂ ಭಯವಿಲ್ಲ. ಸುತ್ತಲಿನ ರೆಸಿನ್ ಅದನ್ನು ಹಿಡಿದುಕೊಂಡಿರುತ್ತದೆ. ಮುರಿಯುವುದು ಅಂಚಿನಲ್ಲಿ. ಕ್ಯೂರ್ ಆಗುವಾಗ, ಅಂದರೆ ಭಾಗವನ್ನು ಬಿಸಿ ಮಾಡಿ ರೆಸಿನ್ ಗಟ್ಟಿ ಮಾಡುವಾಗ, ತೆಳುವಾದ ರೆಸಿನ್ ಅಂಚಿನಿಂದ ಹರಿದು, ಹೊರಗಿರುವ ಎಳೆಗೂ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಆ ಜಾಗ ಬಾಗುವುದಿಲ್ಲ. ಅಚ್ಚಿನಿಂದ ಭಾಗ ಎಬ್ಬಿಸುವಾಗ ಕೈ ತಾಗಿದರೂ ಸಾಕು, ಟಕ್ ಅಂತ ಹೋಯಿತು. ಕೆಂಪು ಲೇಸರ್ ಬಿಟ್ಟು ನೋಡಿದರೆ ಚುಕ್ಕೆ ಹೊಳೆಯುವುದು ಸರಿಯಾಗಿ ಅಂಚಿನಲ್ಲೇ. ಸ್ಪ್ಲೈಸ್ ಮಾಡೋಣ, ಅಂದರೆ ಹೊಸ ಎಳೆ ಬೆಸೆಯೋಣ ಎಂದರೆ ಹಿಡಿಯಲು ತುದಿಯೇ ಉಳಿದಿರುವುದಿಲ್ಲ. ಒಳಗಿನ ಸೆನ್ಸರ್‌ಗಳೆಲ್ಲ ಚೆನ್ನಾಗಿಯೇ ಇರುತ್ತವೆ, ಆದರೆ ಮಾತಾಡಿಸಲು ದಾರಿ ಇಲ್ಲ.

ಅದಕ್ಕೇ ಅಂಚಿನಲ್ಲಿ ಎಳೆಗೆ ತೆಳ್ಳನೆಯ ಟೆಫ್ಲಾನ್ ಕೊಳವೆ ತೊಡಿಸುತ್ತೇವೆ. ಅರ್ಧ ಕೊಳವೆ ಒಳಗೆ, ಅರ್ಧ ಹೊರಗೆ. ಬಾಯಿಗೆ ಸಿಲಿಕೋನ್ ಹಚ್ಚಿ ಮುಚ್ಚದಿದ್ದರೆ ರೆಸಿನ್ ಕೊಳವೆಯೊಳಗೇ ನುಗ್ಗುತ್ತದೆ, ತೊಡಿಸಿದ್ದು ದಂಡ. ಹೊರಗಿನ ಉದ್ದವನ್ನು ಅಗಲವಾಗಿ ಸುತ್ತಿ, ರೆಸಿನ್ ಅಂಟದ ರಿಲೀಸ್ ಫಿಲ್ಮ್‌ನ ಲಕೋಟೆಯಲ್ಲಿಟ್ಟು, ವ್ಯಾಕ್ಯೂಮ್ ಬ್ಯಾಗಿನ (ಗಾಳಿ ಹೀರಿ ಪದರಗಳನ್ನು ಅದುಮುವ ಚೀಲದ) ಮಡಿಕೆ ಬೀಳದ ಕಡೆ ಮಲಗಿಸಬೇಕು. ಕೊಳವೆಯೂ ಪದರಗಳ ಲ್ಯಾಮಿನೇಟ್‌ಗೆ ಹೊರಗಿನ ವಸ್ತುವೇ ಅಲ್ವಾ? ಹಾಗಾಗಿ ಭಾರ ಜಾಸ್ತಿ ಬೀಳುವ ಕಡೆ ಅದನ್ನು ಇಡುವುದಿಲ್ಲ.

ಇನ್ನು ಟ್ರಿಮ್ಮಿಂಗ್. ಕ್ಯೂರ್ ಆದ ಮೇಲೆ ಅಂಚನ್ನು ಕತ್ತರಿಸುವುದು ಎಲ್ಲ ಭಾಗಕ್ಕೂ ಇದ್ದದ್ದೇ. ಎಳೆ ಅಂಚಿನಿಂದ ಬಂದಿದ್ದರೆ ಕಟ್ಟರ್ ಅದನ್ನೂ ಕತ್ತರಿಸುತ್ತದೆ. ಕತ್ತರಿಸಲೇಬೇಕಾದ ಅಂಚಾದರೆ ಮೇಲಿನ ಪದರದಲ್ಲಿ ಸಣ್ಣ ಸೀಳು ಬಿಟ್ಟು ಮೇಲ್ಮೈಯಿಂದ ಹೊರತರಬೇಕು. ಇದನ್ನು ಲೇಅಪ್ (ಪದರ ಜೋಡಿಸುವ ಕೆಲಸ) ಶುರುವಾಗುವ ಮೊದಲೇ ನಿರ್ಧರಿಸಬೇಕು. ಆಮೇಲೆ ಮಷಿನಿಂಗ್‌ನವರ ಹತ್ತಿರ ಜಗಳವಾಡಿ ಏನೂ ಬರುವುದಿಲ್ಲ.

ದಾರಿ ಗೊತ್ತಾದ ಮೇಲೆ ದಿಕ್ಕು. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಮೇಲಿನ ಕೋಟಿಂಗ್ ಬೇರೆ. ಕಾರ್ಬನ್ ಎಳೆ 5ರಿಂದ 7 ಮೈಕ್ರಾನ್ ಅಷ್ಟೇ. ಒಂದು ಪ್ರಿಪ್ರೆಗ್ (ಮೊದಲೇ ರೆಸಿನ್ ತುಂಬಿದ ಎಳೆಗಳ ಹಾಳೆ) ಪದರವೇ ಎಷ್ಟೋ ಸಲ 125 ಮೈಕ್ರಾನ್ ಇರುತ್ತದೆ. ಅಂದರೆ ನಾವು ತುರುಕುತ್ತಿರುವುದು ಒಂದು ಪದರದಷ್ಟು ದಪ್ಪದ ವಸ್ತು. ಕಾರ್ಬನ್ ಎಳೆಗಳ ಜೊತೆಗೇ ಉದ್ದಕ್ಕೆ ಮಲಗಿಸಿದರೆ ಅವು ಸರಿದು ಜಾಗ ಕೊಡುತ್ತವೆ. ಅಡ್ಡ ಹಾಕಿದರೆ ಪದರ ಎದ್ದು, ಎರಡೂ ಪಕ್ಕ ರೆಸಿನ್ ತುಂಬಿಕೊಳ್ಳುತ್ತದೆ. ಕತ್ತರಿಸಿ ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿ: ನಡುವೆ ಗುಂಡನೆಯ ಗಾಜು, ಅಕ್ಕಪಕ್ಕ ಕಣ್ಣಿನ ಆಕಾರದ ಬರೀ ರೆಸಿನ್. ಬಿರುಕು ಹುಡುಕಲು ಇಟ್ಟ ಸೆನ್ಸರ್ ಪಕ್ಕದಲ್ಲೇ ಬಿರುಕಿಗೆ ಜಾಗ ಮಾಡಿಕೊಟ್ಟಂತೆ. ಕೋಟಿಂಗ್ ವಿಷಯದಲ್ಲಿ ವಾದ ಬೇಡ. 180 ಡಿಗ್ರಿ ಕ್ಯೂರ್‌ಗೆ ಸಾಮಾನ್ಯ ಅಕ್ರಿಲೇಟ್ ಆಗದು, ಪಾಲಿಇಮೈಡ್ ತೆಗೆದುಕೊಳ್ಳಿ.

ಹೊರಗಿನ ತುದಿ ಜೀವಂತವಾಗಿದ್ದರೆ ಕ್ಯೂರ್ ನಡೆಯುವಾಗಲೇ ಓದಬಹುದು. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ ಇದು. ಬಿಸಿಯಾಗುತ್ತಾ ಗ್ರೇಟಿಂಗ್ ಹಿಂತಿರುಗಿಸುವ ಬೆಳಕಿನ ಪೀಕ್ ಉದ್ದ ತರಂಗಾಂತರದ ಕಡೆ ಸರಿಯುತ್ತದೆ, ತಣ್ಣಗಾಗುವಾಗ ಹಿಂದಿರುಗುತ್ತದೆ. ಎಷ್ಟೋ ಸಲ ಹೊರಟ ಜಾಗಕ್ಕಿಂತ ಕೆಳಗೆ ಹೋಗಿ ನಿಲ್ಲುತ್ತದೆ. ಆ ವ್ಯತ್ಯಾಸವೇ ಭಾಗದೊಳಗೆ ಉಳಿದ ಒತ್ತಡದ ಗುರುತು. ಪೀಕ್ ಎರಡಾಗಿ ಸೀಳಿದರೆ ಎಳೆಯನ್ನು ಪಕ್ಕದಿಂದ ಏನೋ ಅದುಮುತ್ತಿದೆ ಎಂದು ಅನುಮಾನಿಸಿ.

ತಾಪಮಾನ ಮಾತ್ರ ಬಳಕೆಯ ಉದ್ದಕ್ಕೂ ಕಾಡುತ್ತದೆ. 1550 ನ್ಯಾನೋಮೀಟರ್ ಹತ್ತಿರ ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದ್ದಕ್ಕೆ) ಪೀಕ್ ಸುಮಾರು 1.2 ಪಿಕೋಮೀಟರ್ ಸರಿದರೆ, ಬರೀ ಎಳೆಯಲ್ಲಿ ಒಂದು ಡಿಗ್ರಿಗೆ ಸುಮಾರು 10. ಒಂದು ಡಿಗ್ರಿ ಬಿಸಿಲು ಎಂಟು ಮೈಕ್ರೋಸ್ಟ್ರೇನ್ ವೇಷ ಹಾಕಿಕೊಂಡು ಬರುತ್ತದೆ. ಪಕ್ಕದಲ್ಲೇ ಕ್ಯಾಪಿಲರಿ ಎಂಬ ಸಣ್ಣ ಕೊಳವೆಯೊಳಗೆ ಸಡಿಲವಾಗಿ, ಬರೀ ತಾಪಮಾನ ಅಳೆಯುವ ಇನ್ನೊಂದು ಗ್ರೇಟಿಂಗ್ ಇಲ್ಲದೆ ಸುಮ್ನೆ ಗ್ರಾಫ್ ತೋರಿಸಿದರೆ ನಾನು ನೋಡುವುದಿಲ್ಲ.

ಸಾಧ್ಯವಿದ್ದಲ್ಲೆಲ್ಲ ಎಳೆಯ ಎರಡೂ ತುದಿ ಹೊರತರುತ್ತೇವೆ. ಗ್ರೇಟಿಂಗನ್ನು ಯಾವ ಕಡೆಯಿಂದಲೂ ಓದಬಹುದು. ಒಂದು ತುದಿ ಹೋದರೆ ಇನ್ನೊಂದು ಇದೆ, ನಡುವೆ ಮುರಿದರೆ ಎರಡು ಭಾಗವನ್ನೂ ಎರಡು ಕಡೆಯಿಂದ ಓದಿಕೊಳ್ಳಬಹುದು. ಕನೆಕ್ಟರ್‌ಗೆ ಇನ್ನೊಂದು ಜಾಗ ಬೇಕು ಎಂದಾಗ ಡಿಸೈನ್‌ನವರು ಗೊಣಗುತ್ತಾರೆ. ಗೊಣಗಲಿ.