ಹಲಸಿನ ಹಲಗೆ ಹಿಡಿದುಕೊಂಡ ಮೂರನೇ ಡಿಸ್ಕ್

ಎಂಟು ಹಾರ್ಡ್ ಡಿಸ್ಕ್‌ಗೆ ಮರದ ಪೆಟ್ಟಿಗೆ ಮಾಡಿಸಿದ್ದು ನಾನೇ. ಆ ಜುಲೈ ಸಂಜೆ ಮೂರನೇ ಡಿಸ್ಕನ್ನು ಎಳೆದವನೂ ನಾನೇ. ಈಗಲೂ ನೆನಪಾದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ವಿರಾಜಪೇಟೆ ಕಡೆಯ ಒಂದು ಸ್ಟುಡಿಯೋದಲ್ಲಿ ನಾನು ಎಡಿಟರ್. ಸ್ಟೋರೇಜ್ ನೋಡಿಕೊಳ್ಳುವುದೂ ನನ್ನ ತಲೆಗೇ ಬಂದಿತ್ತು. ಏಪ್ರಿಲ್, ಮೇ ಬಂದರೆ ಮದುವೆಗಳ ಫುಟೇಜ್ ರಾಶಿ ಬೀಳುತ್ತದೆ. ಎಂಟು ಡಿಸ್ಕ್ ಕೂರುವ ನ್ಯಾಸ್, ಅಂದರೆ ನೆಟ್‌ವರ್ಕಿನಲ್ಲಿ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ, ಕೊಡಿಸಿ ಅಂತ ಕೇಳಿದೆ. ‘ಈ ವರ್ಷ ಬೇಡ’ ಅಂದರು ಸ್ಟುಡಿಯೋದವರು. ಹಳೇ ಮದರ್‌ಬೋರ್ಡ್ ಇತ್ತು, ಮನೆಯ ತೋಟದಲ್ಲಿ ಕಡಿದ ಹಲಸಿನ ಹಲಗೆ ಇತ್ತು. ಆಚಾರಿಯವರ ಹತ್ತಿರ ಹೋದೆ.

3.5 ಇಂಚಿನ ಡಿಸ್ಕ್ ಅಂದರೆ 26 ಮಿ.ಮೀ. ದಪ್ಪ. ಡಿಸ್ಕ್‌ಗಳನ್ನು ಸಾಲಾಗಿ ನಿಲ್ಲಿಸಿ, ನಡುನಡುವೆ ತೆಳು ಹಲಗೆ. ಗಾಳಿ ಆಡಲೆಂದು ಪ್ರತಿ ಹಲಗೆಯಲ್ಲೂ ಕಿಟಕಿಯಂತೆ ಕೊರೆಸಿದೆ, ಯಾಕಂದ್ರೆ ಮರ ತಗಡಿನ ಹಾಗೆ ಬಿಸಿ ಎಳೆದು ಹೊರಗೆ ಬಿಡುವುದಿಲ್ಲ. ಎದುರಿಗೆ 120 ಮಿ.ಮೀ.ನ ಎರಡು ಫ್ಯಾನ್. ಆನ್ ಮಾಡಿದ ಕ್ಷಣ ಒಂದೊಂದು ಡಿಸ್ಕೂ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮಾತ್ರ ಹೊಸದು ಹಾಕಿದೆ.

ಅದು ಮಾರ್ಚ್ ತಿಂಗಳು. ಹಲಗೆ ಒಣಗಿ ಗರಿಗರಿ ಅನ್ನುತ್ತಿತ್ತು. ‘ಒಂದು ಉಗುರು ಹೋಗುವಷ್ಟಾದರೂ ಜಾಗ ಬಿಡೋಣ ಮಗಾ, ಮಳೇಲಿ ಮರ ಹಿಡ್ಕೊಳ್ಳುತ್ತೆ’ ಅಂದರು ಆಚಾರಿ. ಬೇಡ, ಟೈಟಾಗಿ ಕೂತರೆ ಡಿಸ್ಕ್ ಅದುರುವುದಿಲ್ಲ ಅಂತ ನಾನೇ ಹಟ ಹಿಡಿದೆ.

ನಮ್ಮಲ್ಲಿ ಜೂನ್ ಬಂತೆಂದರೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪೂರ್ತಿ ಹದಕ್ಕೆ ಬಾರದ ಹಲಸು ಸುಮ್ನೆ ಇರುತ್ತಾ? ಜುಲೈ ಹೊತ್ತಿಗೆ ಹಲಗೆಗಳು ಉಬ್ಬಿ, ಅಲ್ಲಲ್ಲಿ ಸೊಟ್ಟಗಾಗಿದ್ದವು. ಹೊರಗಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಅವತ್ತು ಸಂಜೆ ಮೂರನೇ ಡಿಸ್ಕ್ ಸತ್ತಿತು. ಎಂಟನ್ನೂ ರೇಡ್ 5 ವಿಧಾನದಲ್ಲಿ ಸೇರಿಸಿ ಒಂದೇ ಸ್ಟೋರೇಜ್ ಮಾಡಿದ್ದೆ, ಅದರಲ್ಲಿ ಒಂದು ಡಿಸ್ಕ್ ಹೋದರೆ ನಡೆಯುತ್ತದೆ. ಬದಲಿ ಡಿಸ್ಕ್ ಕೈಯಲ್ಲೇ ಇತ್ತು. ಶಟ್‌ಡೌನ್ ಮಾಡಬೇಕಿತ್ತು. ಆದರೆ ಪಕ್ಕದ ಸಿಸ್ಟಮ್‌ನಲ್ಲಿ ಇದೇ ಪೆಟ್ಟಿಗೆಯ ಫುಟೇಜಿನಿಂದ ಮದುವೆ ವಿಡಿಯೋದ ಎಕ್ಸ್‌ಪೋರ್ಟ್ ಓಡುತ್ತಿತ್ತು, ಮದುವೆ ಮನೆಯವರು ಎರಡು ಸಲ ಫೋನ್ ಮಾಡಿದ್ದರು, ಸ್ಟುಡಿಯೋದವರು ‘ನಿಲ್ಲಿಸಬೇಡ’ ಅಂತ ಬೇರೆ ಹೇಳಿದ್ದರು. ಆನ್ ಇರುವಾಗಲೇ ಎಳೆದೆ. ಬರಲಿಲ್ಲ. ಎಡಗೈಯಲ್ಲಿ ಪೆಟ್ಟಿಗೆ ಒತ್ತಿ ಹಿಡಿದು, ಜೋರಾಗಿ ಜಗ್ಗಿದೆ. ಹಲಗೆ ಕಿರ್ರ್ ಅಂತು. ಡಿಸ್ಕ್ ಅರ್ಧ ಇಂಚು ಈಚೆ ಬಂತು. ಜೊತೆಗೆ ನಾಲ್ಕನೆಯದರ ಪವರ್ ಕೇಬಲ್ ಕಳಚಿತು.

ಟಿಕ್ ಅಂದ ಸಣ್ಣ ಸದ್ದು. ತಿರುಗುತ್ತಿದ್ದ ಡಿಸ್ಕಿನ ಗುಂಯ್‌ಗುಡುವಿಕೆ ನಿಧಾನಕ್ಕೆ ಇಳಿದು ನಿಂತಿತು. ಸ್ಕ್ರೀನಿನಲ್ಲಿ ಎಕ್ಸ್‌ಪೋರ್ಟ್ ನಿಂತಲ್ಲೇ ನಿಂತಿತ್ತು. ಎರಡು ಡಿಸ್ಕ್ ಇಲ್ಲ ಅಂದರೆ ಅರೇನೇ ಇಲ್ಲ, ಅಂದರೆ ಡಿಸ್ಕೆಲ್ಲ ಸೇರಿ ಆಗಿದ್ದ ಆ ಒಂದೇ ಸ್ಟೋರೇಜೇ ಇಲ್ಲ. ಒಂದು ಕೊಡವ ಮದುವೆಯಲ್ಲಿ ಹುಡುಗಿ ಗಂಗಾಪೂಜೆಗೆ ನೀರಿನ ಬಿಂದಿಗೆ ಹೊತ್ತು ನಡೆದ ಶಾಟ್ ಅದರಲ್ಲಿತ್ತು. ಕ್ಯಾಮೆರಾ ಕಾರ್ಡ್‌ಗಳನ್ನು ಮುಂದಿನ ಮದುವೆಗೆಂದು ಯಾವಾಗಲೋ ಫಾರ್ಮ್ಯಾಟ್ ಮಾಡಿಯಾಗಿತ್ತು. ಹುಡುಗಿಯ ಅಜ್ಜಿ ಆ ಮದುವೆಯಾದ ತಿಂಗಳಿಗೇ ತೀರಿಕೊಂಡಿದ್ದರು. ಆ ಮದುವೆಯ ಫುಟೇಜೇ ಅವರ ಕೊನೆಯ ವಿಡಿಯೋ. ನನ್ನ ಕೈ ನಡುಗುತ್ತಿತ್ತು. ಏನನ್ನೂ ಮುಟ್ಟದೆ ಹತ್ತು ನಿಮಿಷ ಸುಮ್ಮನೆ ಕೂತೆ. ಆ ಸಂಜೆ ನಾನು ಮಾಡಿದ ಒಂದೇ ಸರಿ ಕೆಲಸ ಅದು.

ಆಮೇಲೆ ಪವರ್ ತೆಗೆದೆ. ಸ್ಕ್ರೂ ಬಿಚ್ಚಿ ಹಲಗೆಯನ್ನೇ ಹೊರಗೆ ತೆಗೆದೆ. ಕೇಬಲ್ ಕೂರಿಸಿ, ಉಳಿದ ಏಳು ಡಿಸ್ಕಿನಲ್ಲಿ ಫೋರ್ಸ್ ಅಸೆಂಬಲ್ ಕೊಟ್ಟೆ, ಅಂದರೆ ಇದ್ದಷ್ಟರಲ್ಲೇ ಒತ್ತಾಯದಿಂದ ಜೋಡಿಸು ಅನ್ನುವ ಆದೇಶ. ಅರೇ ಎದ್ದಿತು. ಆ ಮದುವೆಯ ಫೋಲ್ಡರನ್ನು ಮೊದಲು ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ನಂತರ ಹೊಸ ಡಿಸ್ಕ್ ಹಾಕಿದೆ. ಸತ್ತ ಡಿಸ್ಕಿನ ಡೇಟಾವನ್ನು ಉಳಿದವುಗಳಿಂದ ಲೆಕ್ಕ ಹಾಕಿ ಹೊಸದಕ್ಕೆ ತುಂಬುವ ರೀಬಿಲ್ಡ್ ರಾತ್ರಿಯೆಲ್ಲ ಓಡಿತು. ಮಳೆಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಯುಪಿಎಸ್ ಬೀಪ್ ಶುರುವಾದ ಕೂಡಲೇ ಜನರೇಟರ್ ಹಾಕಿ, ಬೆಳಗಿನವರೆಗೂ ಅದರ ಪಕ್ಕದಲ್ಲೇ ಕೂತಿದ್ದೆ.

ಮರುದಿನ ಆಚಾರಿಯವರು ಹಲಗೆ ನೋಡಿ ಏನೂ ಅನ್ನಲಿಲ್ಲ. ಆ ಮಳೆಯಲ್ಲೇ ಅಳತೆ ತೆಗೆದು ಪ್ರತಿ ಸಂದಿಯನ್ನೂ 30 ಮಿ.ಮೀ. ಮಾಡಿಕೊಟ್ಟರು, ಅದುರದಂತೆ ಎರಡೂ ಕಡೆ ರಬ್ಬರ್ ಪಟ್ಟಿ ಅಂಟಿಸಿದರು. ಪೆಟ್ಟಿಗೆ ಈಗಲೂ ಓಡುತ್ತಿದೆ. ಬ್ಯಾಕಪ್‌ಗೆ ಇನ್ನೆರಡು ಡಿಸ್ಕ್ ಬೇಕು ಅಂತ ಬರೆದುಕೊಟ್ಟಿದ್ದೇನೆ. ಇನ್ನೂ ಬಂದಿಲ್ಲ.